‘ಡೇಂಟಿ’ ಎಂದರೆ ಮೆಚ್ಚುಗೆಯೇ, ಕೊರತೆಯೇ?

ಪ್ರಶ್ನೆ: ಸೋಮವಾರಪೇಟೆ ಸಮೀಪ ನಮ್ಮ ಕಾಫಿ ತೋಟದ ಮನೆಯಲ್ಲೇ ಹೋಮ್‌ಸ್ಟೇ ನಡೆಸುತ್ತಿದ್ದೇವೆ. ಈಚೆಗೆ ಇಂಗ್ಲೆಂಡಿನಿಂದ ಬಂದಿದ್ದ ಹಿರಿಯ ದಂಪತಿ ಹೊರಡುವಾಗ ಅತಿಥಿಗಳ ಪುಸ್ತಕದಲ್ಲಿ ನಾಲ್ಕು ಸಾಲು ಬರೆದರು. ಬೆಳಗಿನ ತಿಂಡಿಗೆ ‘ಡೇಂಟಿ’ (dainty) ಎಂದಿದ್ದಾರೆ. ಮಗಳು ಮೇಜಿನ ಹೊದಿಕೆಗೆ ಹಾಕಿದ ಕಸೂತಿಗೂ ‘ಡೇಂಟಿ’ ಎಂದಿದ್ದಾರೆ. ನಿಘಂಟು ತೆರೆದರೆ ‘ನಾಜೂಕಾದ’, ‘ರುಚಿಕರ ತಿನಿಸು’, ‘ಅತಿಯಾಗಿ ಆರಿಸುವ ಸ್ವಭಾವದ’ ಎಂದು ಮೂರು ದಾರಿ ತೋರಿಸುತ್ತದೆ. ನೂಪುಟ್ಟನ್ನು (ಒತ್ತು ಶಾವಿಗೆ) ಚಿಕ್ಕ ತಟ್ಟೆಯಲ್ಲಿ ಬಡಿಸಿದ್ದೆವು. ಸಾಲಲಿಲ್ಲ ಎಂದು ಸೂಚಿಸಿದರೇ ಎಂಬ ಅಳುಕು ನನಗೆ. ಮನೆಯ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಪುಟ ಬರೆಯುತ್ತಿದ್ದೇವೆ. ತೋಟ, ಕೊಠಡಿ, ಊಟ, ಸುತ್ತಲಿನ ನೋಟ ಎಲ್ಲಕ್ಕೂ ಈ ಪದ ಹೊಂದುತ್ತದೆಯೇ? ಮಗಳ ಮದುವೆಯ ಪರಿಚಯ ಪತ್ರದಲ್ಲೂ ಹಾಕೋಣ ಎಂದು ಮನೆಯವರು ಹೇಳುತ್ತಿದ್ದಾರೆ. ಸರಿಯೇ?

ಉತ್ತರ: ಮೊದಲು ನಿಮ್ಮ ಅಳುಕನ್ನು ಕಳೆಯುತ್ತೇನೆ. ಅತಿಥಿಗಳು ಬರೆದದ್ದು ಮೆಚ್ಚುಗೆ. ಅದೂ ಬಾಯಿಮಾತಿನ ಮೆಚ್ಚುಗೆಯಲ್ಲ, ತಟ್ಟೆಯನ್ನೂ ಬಟ್ಟೆಯನ್ನೂ ಹತ್ತಿರದಿಂದ ನೋಡಿದವರು ಮಾತ್ರ ಬರೆಯುವ ಮೆಚ್ಚುಗೆ. ತಿಂಡಿ ಕಡಿಮೆಯಾಯಿತು ಎಂದು ಹೇಳಬೇಕಿದ್ದರೆ ಇಂಗ್ಲಿಷಿನವರಿಗೆ ಬೇರೆ ಪದಗಳಿವೆ. ಅಥವಾ ಇದೇ ಪದದ ಮೊದಲು ‘ಟೂ’ ಎಂದೋ ‘ರಾದರ್’ ಎಂದೋ ಸೇರಿಸುತ್ತಿದ್ದರು. ಬೆಟ್ಟ ಹತ್ತಿ ಹಸಿದು ಬಂದವರು ‘ಟೂ ಡೇಂಟಿ’ ಎಂದರೆ ಹೊಟ್ಟೆ ತುಂಬಲಿಲ್ಲ ಎಂದೇ ಅರ್ಥ. ಆ ಸಣ್ಣ ಪದ ಜೊತೆಗೆ ಇಲ್ಲದಿರುವಾಗ, ಅದರಲ್ಲೂ ಅದೇ ಬರಹದಲ್ಲಿ ಕಸೂತಿಗೂ ಅದೇ ಮಾತನ್ನು ಹೇಳಿರುವಾಗ, ಅನುಮಾನಕ್ಕೆ ಎಡೆಯಿಲ್ಲ. ಕೈಕೆಲಸಕ್ಕೆ ಕೊಟ್ಟ ಗೌರವವನ್ನೇ ಅವರು ಅಡುಗೆಗೂ ಕೊಟ್ಟಿದ್ದಾರೆ.

ಆದರೂ ನಿಮ್ಮ ಅಳುಕಿಗೆ ಆಧಾರವಿಲ್ಲವೆಂದು ನಾನು ಹೇಳಲಾರೆ. ಈ ಪದದೊಳಗೆ ‘ಚಿಕ್ಕದು’ ಎಂಬ ಅರ್ಥ ನಿಜವಾಗಿಯೂ ಇದೆ. ಒಂದು ವಸ್ತು ಡೇಂಟಿ ಎನ್ನಿಸಿಕೊಳ್ಳಬೇಕಾದರೆ ಅಳತೆ ಚಿಕ್ಕದಿರಬೇಕು, ಮಾಡಿದ ರೀತಿ ನವಿರಾಗಿರಬೇಕು, ಕಂಡವರಿಗೆ ಹಿತವಾಗಬೇಕು. ಮೂರೂ ಒಟ್ಟಿಗೆ ಕೂಡಿದಾಗ ಮಾತ್ರ ಪದ ನಿಲ್ಲುತ್ತದೆ. ನೂಪುಟ್ಟಿನ ಎಳೆ ಸಣ್ಣದು, ಒತ್ತಿ ಇಳಿಸಿದ ಬಗೆ ನವಿರು, ಚಿಕ್ಕ ತಟ್ಟೆಯಲ್ಲಿ ಬಿಳಿಯ ಸುರುಳಿಯಾಗಿ ಕೂತಾಗ ನೋಡಲು ಚೆಂದ. ಕಡಂಬುಟ್ಟನ್ನು ತೆಗೆದುಕೊಳ್ಳಿ. ಅದೂ ಗಾತ್ರದಲ್ಲಿ ದೊಡ್ಡದೇನಲ್ಲ, ಮುಷ್ಟಿಯೊಳಗೆ ಹಿಡಿಸುವ ಅಕ್ಕಿತರಿಯ ಉಂಡೆ. ಆದರೆ ಪಂದಿ ಕರಿಯ (ಹಂದಿಮಾಂಸದ ಸಾರು) ಜೊತೆ ಕಡಂಬುಟ್ಟು ಬಡಿಸಿದರೆ ಅದನ್ನು ಡೇಂಟಿ ಎನ್ನುವ ಇಂಗ್ಲಿಷ್ ಭಾಷಿಕರು ಸಿಗುವುದಿಲ್ಲ. ಕಾಚಂಪುಳಿಯ ಹುಳಿ, ಮೆಣಸಿನ ಖಾರ, ತುಂಬು ತಟ್ಟೆ ಸೇರಿ ಅದು ಗಟ್ಟಿ ಊಟ. ಅದಕ್ಕೆ ಅವರ ಮಾತು ‘ಹಾರ್ಟಿ’. ಗಾತ್ರವೊಂದೇ ಸಾಲದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ನಿಘಂಟಿನ ಮೂರು ದಾರಿಗಳು ಬೇರೆ ಬೇರೆ ಪದಗಳಂತೆ ಕಾಣುತ್ತವೆ, ನಿಜ. ಅವು ಒಂದೇ ಬೇರಿನವು. ಬೇರನ್ನು ನೋಡಿದರೆ ಗೊಂದಲ ಬಹುಪಾಲು ತಿಳಿಯಾಗುತ್ತದೆ. ಜೊತೆಗೆ ಈ ಪದದ ಬಗ್ಗೆ ಗೌರವವೂ ಹುಟ್ಟುತ್ತದೆ. ಲ್ಯಾಟಿನ್ನಿನಲ್ಲಿ ‘ಡಿಗ್ನಸ್’ ಎಂದರೆ ಯೋಗ್ಯ. ಅದರಿಂದ ‘ಡಿಗ್ನಿಟಾಸ್’, ಯೋಗ್ಯತೆ. ಈ ಯೋಗ್ಯತೆ ಹಳೆಯ ಫ್ರೆಂಚಿನಲ್ಲಿ ಜನರ ಬಾಯಲ್ಲಿ ಸವೆದು ‘ಡೇಂಟಿಯೆ’ ಆಯಿತು. ಅದು 13ನೆಯ ಶತಮಾನದ ಹೊತ್ತಿಗೆ ಇಂಗ್ಲಿಷಿಗೆ ಬಂತು. ಅದೇ ಲ್ಯಾಟಿನ್ ಪದ ಹೆಚ್ಚು ಸವೆಯದೆ ವಿದ್ವಾಂಸರ ದಾರಿಯಲ್ಲಿ ಬಂದದ್ದು ‘ಡಿಗ್ನಿಟಿ’. ನಮಗೆ ಇದು ಹೊಸ ವಿಷಯವಲ್ಲ. ಸಂಸ್ಕೃತದ ‘ವರ್ಣ’ ಹಾಗೆಯೇ ಉಳಿದು ತತ್ಸಮವಾಯಿತು, ಬಾಯಿಂದ ಬಾಯಿಗೆ ಉರುಳಿ ‘ಬಣ್ಣ’ ಎಂಬ ತದ್ಭವವಾಯಿತು. ಎರಡೂ ಕನ್ನಡದಲ್ಲಿವೆ, ಎರಡರ ಕೆಲಸ ಬೇರೆ. ವರ್ಣ ಅಕ್ಷರಕ್ಕೂ ಜಾತಿವ್ಯವಸ್ಥೆಗೂ ಹೋಯಿತು. ಬಣ್ಣ ಕಣ್ಣಿನ ಬಳಿಯೇ ಉಳಿಯಿತು. ಹಾಗೆಯೇ ಡಿಗ್ನಿಟಿ ಸಭೆ, ಸ್ಥಾನ, ಮಾನವಹಕ್ಕುಗಳ ಕಡೆ ನಡೆಯಿತು. ಡೇಂಟಿ ಊಟದ ಮೇಜಿಗೆ, ಸೂಜಿದಾರಕ್ಕೆ, ಬೆರಳತುದಿಗೆ ಇಳಿಯಿತು. ತಿರಸ್ಕಾರ ಎಂಬ ಅರ್ಥದ ‘ಡಿಸ್‌ಡೇನ್’ ಕೂಡ ಇದೇ ಮನೆತನದ್ದು: ಯೋಗ್ಯವಲ್ಲ ಎಂದು ತಳ್ಳುವುದು.

ಇಂಗ್ಲಿಷಿಗೆ ಬಂದಾಗ ಇದು ನಾಮಪದ. ಗೌರವ, ಆದರ, ಆನಂದ ಎಂಬ ಅರ್ಥಗಳಿದ್ದವು. ಬೇಗನೆ ಗುಣವಾಚಕವೂ ಆಯಿತು. ಆಗ ಅದಕ್ಕೆ ಚಿಕ್ಕದು ಎಂಬ ಅರ್ಥ ಇರಲಿಲ್ಲ. ‘ಬೆಲೆಯುಳ್ಳ, ಆಯ್ದ, ಶ್ರೇಷ್ಠ’ ಎಂದಷ್ಟೇ ಇತ್ತು. 14ನೆಯ ಶತಮಾನದ ಕೊನೆಯಲ್ಲಿ ಚಾಸರ್ ಕವಿ ತನ್ನ ಯಾತ್ರಿಕರಲ್ಲಿ ಒಬ್ಬ ಸನ್ಯಾಸಿಯನ್ನು ವರ್ಣಿಸುತ್ತಾ, ಅವನ ಲಾಯದಲ್ಲಿ ಅನೇಕ ಡೇಂಟಿ ಕುದುರೆಗಳಿದ್ದವು ಎನ್ನುತ್ತಾನೆ. ಕುದುರೆ ಹೇಗೆ ನಾಜೂಕು ಎಂದು ಇಂದಿನ ವಿದ್ಯಾರ್ಥಿಗಳು ಅಲ್ಲಿ ತಡವರಿಸುತ್ತಾರೆ. ಅವು ನಾಜೂಕಿನ ಕುದುರೆಗಳಲ್ಲ, ಬೆಲೆಬಾಳುವ ಉತ್ತಮ ತಳಿಯ ಕುದುರೆಗಳು. ಅದೇ ಕಾವ್ಯದಲ್ಲಿ ಊಟಪ್ರಿಯ ಜಮೀನುದಾರನ ಮನೆಯ ಮಾತು ಬಂದಾಗ ಅದೇ ಪದ ಬಹುವಚನದಲ್ಲಿ ಬರುತ್ತದೆ. ಮನುಷ್ಯ ಊಹಿಸಬಲ್ಲ ಎಲ್ಲ ಬಗೆಯ ಭಕ್ಷ್ಯಗಳು ಎಂಬ ಅರ್ಥ. ಒಬ್ಬನೇ ಕವಿಯ ಕೈಯಲ್ಲಿ ಕುದುರೆಗೂ ತಿನಿಸಿಗೂ ಒಂದೇ ಪದ. ಎರಡನ್ನೂ ಕಟ್ಟಿದ ದಾರ ಯಾವುದೆಂದರೆ ‘ಆಯ್ದು ತಂದದ್ದು, ಬೆಲೆಕೊಟ್ಟು ಇಟ್ಟುಕೊಳ್ಳುವಂಥದ್ದು’.

ಬೆಲೆಯಿಂದ ಚೆಲುವಿಗೆ ಹೋದ ಹೆಜ್ಜೆ ದೊಡ್ಡದಲ್ಲ. ಆಯ್ದ ತಿನಿಸನ್ನು ರಾಶಿ ಹಾಕುವುದಿಲ್ಲ, ಸ್ವಲ್ಪ ಸ್ವಲ್ಪವೇ ಜೋಡಿಸುತ್ತಾರೆ. ಬೆಲೆಯ ಬಟ್ಟೆ ತೆಳುವಾಗಿರುತ್ತದೆ, ಬೆಲೆಯ ಪಿಂಗಾಣಿ ಬೆಳಕು ಹಾಯುವಷ್ಟು ತೆಳುವಾಗಿರುತ್ತದೆ. ಹೀಗೆ ಬೆಲೆ ಇದ್ದಲ್ಲೆಲ್ಲ ನವಿರೂ ಚಿಕ್ಕತನವೂ ಕಾಣಿಸಿಕೊಂಡು, ಕಾಲಕ್ರಮೇಣ ಆ ಗುಣಗಳೇ ಪದದ ಮುಖ್ಯ ಅರ್ಥವಾದವು. ಬೆಲೆಯೆಂಬ ಮೂಲಾರ್ಥ ಹಿಂದೆ ಸರಿಯಿತು, ಸಾಯಲಿಲ್ಲ. ಇಂದಿಗೂ ಒಳ್ಳೆಯ ಇಂಗ್ಲಿಷ್ ಬಲ್ಲವರು ಅಗ್ಗದ ಪ್ಲಾಸ್ಟಿಕ್ ಲೋಟ ಎಷ್ಟೇ ಚಿಕ್ಕದಿದ್ದರೂ ಅದನ್ನು ಡೇಂಟಿ ಎನ್ನುವುದಿಲ್ಲ. ಅದರ ಹಿಂದೆ ಯಾರ ಮುತುವರ್ಜಿಯೂ ಕಾಣುವುದಿಲ್ಲ. ಈ ಪದದ ಜೀವ ಇರುವುದು ಆ ಮುತುವರ್ಜಿಯಲ್ಲಿ ಎಂಬುದು ನನ್ನ ಖಚಿತ ಅಭಿಪ್ರಾಯ. ಚಿಕ್ಕ ಅಳತೆಯಲ್ಲಿ ದೊಡ್ಡ ಗಮನ ಇಟ್ಟು ಮಾಡಿದ್ದನ್ನು ಕಂಡು ಮೆಚ್ಚುವುದಕ್ಕೆ ಇಂಗ್ಲಿಷಿನಲ್ಲಿ ಇರುವ ಪದ ಇದು. ‘ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು’ ಎಂದು ನಾವು ಗಾದೆಯಲ್ಲಿ ಹೇಳುವುದು ಇದರ ಹುಟ್ಟಿಗೆ ಬಹಳ ಹತ್ತಿರ ಬರುತ್ತದೆ.

ಇನ್ನು ತಿನಿಸಿನ ಅರ್ಥ. ಕಾನ್ವೆಂಟ್ ಶಾಲೆಗೆ ಹೋದ ಮಕ್ಕಳೆಲ್ಲ ಬಾಯಿಪಾಠ ಮಾಡಿದ ಶಿಶುಗೀತೆಯೊಂದರಲ್ಲಿ ಕಡುಬಿನಂಥ ಹೂರಣದ ತಿಂಡಿಯೊಳಗೆ ಇಪ್ಪತ್ತನಾಲ್ಕು ಹಕ್ಕಿಗಳನ್ನು ಬೇಯಿಸಿ ದೊರೆಯ ಮುಂದೆ ಇಡುತ್ತಾರೆ. ತೆರೆದೊಡನೆ ಹಕ್ಕಿಗಳು ಹಾಡುತ್ತವೆ. ಆ ತಿಂಡಿಗೆ ಅಲ್ಲಿ ಕೊಟ್ಟ ಹೆಸರು ‘ಡೇಂಟಿ ಡಿಶ್’. ಅಲ್ಲಿ ನಾಜೂಕಿನ ಮಾತಿಲ್ಲ. ದೊರೆಗೆ ಒಪ್ಪುವ ಭಕ್ಷ್ಯ ಎಂಬ ಹಳೆಯ ಅರ್ಥವೇ ಇದೆ. 1611ರಲ್ಲಿ ಅಚ್ಚಾದ ಇಂಗ್ಲಿಷ್ ಬೈಬಲ್ಲಿನ ಜ್ಞಾನೋಕ್ತಿಗಳಲ್ಲಿ ಅಧಿಪತಿಯ ಪಂಕ್ತಿಯಲ್ಲಿ ಕೂತಾಗ ಅವನ ಭಕ್ಷ್ಯಗಳಿಗೆ ಆಸೆಪಡಬೇಡ, ಅವು ವಂಚನೆಯ ಆಹಾರ ಎಂಬ ಎಚ್ಚರಿಕೆ ಬರುತ್ತದೆ. ಅಲ್ಲಿರುವುದೂ ‘ಡೇಂಟೀಸ್’. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಅಡುಗೆ ಪುಸ್ತಕಗಳ ಹೆಸರಿನಲ್ಲೇ ಈ ಪದ ಸೇರಿತು. ಸಂಜೆಯ ಚಹಾದ ಜೊತೆ ಇಡುವ ಸಣ್ಣ ಸಣ್ಣ ತಿನಿಸುಗಳಿಗೆ ಅದು ಅಂಟಿಕೊಂಡಿತು. ಇಂದು ಇಂಗ್ಲೆಂಡಿನ ಆಡುಮಾತಿನಲ್ಲಿ ತಿನಿಸಿಗೆ ‘ಡೇಂಟೀಸ್’ ಎನ್ನುವುದು ಹಳೆಯ ಕಾಲದ ಮಾತು. ಕೆನಡಾದ ಪಶ್ಚಿಮದ ಬಯಲು ಪ್ರಾಂತ್ಯಗಳಲ್ಲಿ ಮಾತ್ರ ಮದುವೆ, ಸಾವು, ಸಭೆಗಳಲ್ಲಿ ಹಂಚುವ ಸಣ್ಣ ಸಿಹಿತುಂಡುಗಳಿಗೆ ಜನ ಈಗಲೂ ಅದೇ ಹೆಸರನ್ನು ಸಹಜವಾಗಿ ಬಳಸುತ್ತಾರೆ. ನಿಮ್ಮ ಅತಿಥಿಗಳು ಹಿರಿಯರು ಎಂದಿದ್ದೀರಿ. ಆ ತಲೆಮಾರಿನವರ ಬಾಯಲ್ಲಿ ತಿಂಡಿಗೆ ಈ ಪದ ಬಂದರೆ ಚಹಾದ ಮೇಜಿನ ನೆನಪೂ ಅದರಲ್ಲಿ ಸೇರಿರುತ್ತದೆ.

ಕಣ್ಣಿನ ಪದ ನಾಲಿಗೆಗೂ ಸಲ್ಲುವುದು ನಮಗೆ ವಿಚಿತ್ರವೆನಿಸಬಾರದು. ‘ಸೀರೆ ಸೊಗಸಾಗಿದೆ’ ಎನ್ನುತ್ತೇವೆ, ‘ಊಟ ಸೊಗಸಾಗಿತ್ತು’ ಎಂದೂ ಎನ್ನುತ್ತೇವೆ.

ಮೂರನೆಯ ದಾರಿ, ಅಂದರೆ ಅತಿಯಾಗಿ ಆರಿಸುವ ಸ್ವಭಾವ, ಇದರ ನೆರಳು. ಆಯ್ದದ್ದನ್ನೇ ಬಯಸುವವರು ಕ್ರಮೇಣ ಉಳಿದದ್ದಕ್ಕೆ ಮೂಗು ಮುರಿಯುತ್ತಾರೆ. ತಿನ್ನುವುದರಲ್ಲಿ ಡೇಂಟಿ ಎಂದರೆ ಅದು ಬೇಡ ಇದು ಬೇಡ ಎಂದು ಕೊಸರಾಡುವವರು. ಕೆಲಸದ ವಿಷಯದಲ್ಲಿ ‘ಟೂ ಡೇಂಟಿ’ ಎಂದರೆ ಕೈ ಕೆಸರಾದೀತೆಂದು ಹಿಂಜರಿಯುವವರು. ಷೇಕ್ಸ್‌ಪಿಯರನ ‘ರೋಮಿಯೋ ಅಂಡ್ ಜೂಲಿಯೆಟ್’ನಲ್ಲಿ ಔತಣದ ಮನೆಯ ಯಜಮಾನ, ಕುಣಿಯಲು ಬಾರದೆ ಬಿಂಕ ಮಾಡುವ ಹೆಂಗಸಿನ ಕಾಲಲ್ಲಿ ಆಣಿ ಇದೆಯೆಂದು ಆಣೆಯಿಟ್ಟು ಹೇಳುತ್ತೇನೆ ಎನ್ನುತ್ತಾನೆ. ಆ ಬಿಂಕಕ್ಕೆ ಅವನು ಬಳಸುವುದು ಇದೇ ಪದವನ್ನು. ಈ ಬಳಕೆ ಈಗ ವಿರಳ. ನಿಮ್ಮ ಪುಟಕ್ಕೆ ಇದರ ಅಗತ್ಯವಿಲ್ಲ, ಓದುವಾಗ ಎದುರಾದರೆ ಗುರುತಿಸಲು ಗೊತ್ತಿದ್ದರೆ ಸಾಕು.

ಈಗ ನಿಮ್ಮ ಪುಟಕ್ಕೆ ಬರೋಣ. ತೋಟಕ್ಕೆ ಡೇಂಟಿ ಎನ್ನಬೇಡಿ. ಎಕರೆಗಟ್ಟಲೆ ಹರಡಿದ ಕಾಫಿ, ನೆರಳಿಗೆ ನಿಂತ ಸಿಲ್ವರ್ ಓಕ್ ಮತ್ತು ಕಾಡುಮರಗಳು, ಅವುಗಳ ಮೈಗೆ ಹಬ್ಬಿದ ಮೆಣಸಿನ ಬಳ್ಳಿ, ಇವೆಲ್ಲ ಸೇರಿದಾಗ ಅಲ್ಲಿ ಚಿಕ್ಕದು ಎಂಬ ಅಳತೆಯೇ ಇಲ್ಲ. ಆದರೆ ತೋಟದೊಳಗಿನ ಒಂದು ಹೂವಿಗೆ ಹೇಳಬಹುದು. ಹೂ ಮಳೆ ಬಿದ್ದು ವಾರ ಹತ್ತು ದಿನಕ್ಕೆ ಅರಳುವ ಕಾಫಿ ಹೂವನ್ನು ಒಂದೇ ಒಂದಾಗಿ ಹತ್ತಿರದಿಂದ ನೋಡಿ. ಆ ಬಿಳಿ ಎಸಳಿಗೆ ಈ ಪದ ಸಲ್ಲುತ್ತದೆ. ಗುಡ್ಡವೇ ಬೆಳ್ಳಗಾಗಿ ಊರೆಲ್ಲ ಮಲ್ಲಿಗೆಯಂತೆ ಕಂಪು ಹರಡಿದಾಗ ಸಲ್ಲುವುದಿಲ್ಲ. ಆ ನೋಟಕ್ಕೆ ಬೇರೆ, ಅಗಲವಾದ ಪದ ಬೇಕು. ಏಲಕ್ಕಿ ಹೂವಿನಷ್ಟು ಈ ಪದಕ್ಕೆ ಒಪ್ಪುವ ಇನ್ನೊಂದು ವಸ್ತು ಕೊಡಗಿನಲ್ಲಿ ನನಗೆ ತೋರುವುದಿಲ್ಲ. ಗಿಡದ ಬುಡದಲ್ಲಿ, ನೆಲದ ಹತ್ತಿರ, ಬಿಳಿಯ ದಳದ ಮೇಲೆ ನೇರಳೆಗೆಂಪಿನ ಸಣ್ಣ ಗೆರೆ ಎಳೆದಂತೆ ಅರಳುವ ಆ ಹೂವನ್ನು ಬಾಗಿ ನೋಡದಿದ್ದರೆ ಕಾಣುವುದೇ ಇಲ್ಲ. ನಿಮ್ಮ ತೋಟದಲ್ಲಿ ಏಲಕ್ಕಿ ಇದ್ದರೆ ಪುಟದಲ್ಲಿ ಆ ಹೂವಿನ ಬಗ್ಗೆ ಒಂದು ಸಾಲು ಖಂಡಿತ ಬರೆಯಿರಿ.

ಸುತ್ತಲಿನ ನೋಟಕ್ಕೂ ಇದೇ ಲೆಕ್ಕ. ಪುಷ್ಪಗಿರಿಯ ತಪ್ಪಲಿನಲ್ಲಿ ಕುಮಾರಧಾರೆ ಧುಮ್ಮಿಕ್ಕುವ ಮಲ್ಲಳ್ಳಿ ನಿಮಗೆ ಸಮೀಪ. ಮಳೆಗಾಲದ ಮಲ್ಲಳ್ಳಿಯನ್ನು ಡೇಂಟಿ ಎಂದು ಬರೆದರೆ, ಓದಿ ಬಂದ ಇಂಗ್ಲಿಷಿನವರು ಬೇರೆಯೇ ಜಲಪಾತ ಹುಡುಕಿಕೊಂಡು ಹೋದಾರು. 1,748 ಮೀಟರ್ ಎತ್ತರದ ತಡಿಯಂಡಮೋಳಿಗೂ, ಕಂಬಗಳ ಸಾಲಿನ ಐನ್‌ಮನೆ ಎಂಬ ಕೊಡವ ಕುಟುಂಬದ ಮೂಲಮನೆಗೂ ಇದು ಸಲ್ಲದು. ಚಿಟ್ಟೆಗಳಲ್ಲೂ ಭೇದವಿದೆ. ಕರ್ನಾಟಕದ ರಾಜ್ಯ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ಭಾರತದ ದೊಡ್ಡ ಚಿಟ್ಟೆಗಳಲ್ಲಿ ಒಂದು. ಕಪ್ಪು ಮತ್ತು ಹೊಂಬಣ್ಣದ ರೆಕ್ಕೆ ಬಿಚ್ಚಿ ಮರದೆತ್ತರಕ್ಕೆ ತೇಲುವ ಅದನ್ನು ಡೇಂಟಿ ಎಂದರೆ ಅದರ ಗಾಂಭೀರ್ಯ ಕುಗ್ಗುತ್ತದೆ. ಹುಲ್ಲಿನ ಮಟ್ಟದಲ್ಲೇ ಹಾರುವ ಗ್ರಾಸ್ ಜ್ಯುವೆಲ್ ಎಂಬ ಕಿರುಚಿಟ್ಟೆಗೆ ಎಂದರೆ ಸರಿಹೋಗುತ್ತದೆ. ಜೀವಿಗಳಿಗೆ ಹೆಸರಿಡುವವರೂ ಈ ಪದವನ್ನು ಎಚ್ಚರದಿಂದಲೇ ಬಳಸಿದ್ದಾರೆ: ಉತ್ತರ ಅಮೆರಿಕದ ಒಂದು ಪುಟಾಣಿ ಹಳದಿ ಚಿಟ್ಟೆಯ ಹೆಸರು ಡೇಂಟಿ ಸಲ್ಫರ್, ಆಸ್ಟ್ರೇಲಿಯದ ಒಂದು ಸಪೂರ ಮರಗಪ್ಪೆ ಡೇಂಟಿ ಟ್ರೀ ಫ್ರಾಗ್.

ಕೊಠಡಿಗೆ ಹೇಳಬಹುದೇ ಎಂದರೆ, ಕೊಠಡಿಗಿಂತ ಅದರೊಳಗಿನ ವಸ್ತುವಿಗೆ ಹೇಳಿ. ತೆಳು ಅಂಚಿನ ಪಿಂಗಾಣಿ ಬಟ್ಟಲು, ಕಿಟಕಿಯ ಲೇಸಿನ ಪರದೆ, ನಿಮ್ಮ ಮಗಳ ಕಸೂತಿ. ಇಡೀ ಕೊಠಡಿಗೆ ಹೇಳಿದರೆ ಇಕ್ಕಟ್ಟು ಎಂದು ಅರ್ಥ ಮಾಡಿಕೊಳ್ಳುವ ಅಪಾಯವಿದೆ, ಮತ್ತು ಅತಿಥಿಗಳು ಮೊದಲು ಹುಡುಕುವುದು ವಿಶಾಲತೆಯನ್ನೇ. ಒಡವೆಗಳ ಮಾತು ಬಂದರೆ ಈಗಿನ ಆಭರಣದ ಅಂಗಡಿಗಳು ತೆಳುವಾದ ಸರ, ಸಣ್ಣ ಓಲೆ, ಎಳೆಯಂಥ ಉಂಗುರಗಳಿಗೆ ಡೇಂಟಿ ಎಂಬ ವಿಂಗಡಣೆಯನ್ನೇ ಮಾಡಿವೆ; ಅಲ್ಲಿ ಪದ ಪೂರ್ತಿ ಸರಿಯಾಗಿದೆ. ಆದರೆ ಕೊಡವ ಹೆಂಗಸರ ಕೊಕ್ಕೆತಾತಿ ಪದಕವನ್ನು ವರ್ಣಿಸುವಾಗ ಅದನ್ನು ಬಳಸಬೇಡಿ. ಅರ್ಧಚಂದ್ರದ ಚಿನ್ನ, ಕೆಂಪು ಹರಳು, ಅಂಚಿಗೆ ಕಿರುಮುತ್ತು, ಮೇಲೆ ಹೆಡೆ, ಇಷ್ಟು ತೂಕ ಹೊತ್ತ ಒಡವೆಗೆ ‘ಆರ್ನೇಟ್’ ಎಂಬ ಮಾತಿದೆ. ಕುಸುರಿ ಕೆಲಸವನ್ನೇ ಎತ್ತಿ ಹೇಳಬೇಕೆಂದಿದ್ದರೆ ‘ಎಕ್ಸ್‌ಕ್ವಿಸಿಟ್’ ಎನ್ನಿ. ಬೆಳ್ಳಿಯ ಕೆಲಸದ ಪೀಚೆಕತ್ತಿಗೂ ಅದೇ ಪದ ಒಪ್ಪುತ್ತದೆ. ಪೀಚೆಕತ್ತಿ ಚಿಕ್ಕದು, ನವಿರು ಕೆಲಸದ್ದು, ಚೆಂದದ್ದು, ಹಾಗಿದ್ದರೂ ಡೇಂಟಿ ಆಗುವುದಿಲ್ಲ. ಅದು ಆಯುಧ, ಸೊಂಟದ ಮುಂದೆ ಗೌರವದಿಂದ ಸಿಕ್ಕಿಸಿಕೊಳ್ಳುವಂಥದ್ದು. ಡೇಂಟಿ ಎಂಬ ಪದಕ್ಕೆ ಕಾಠಿಣ್ಯವನ್ನು ಹೊರುವ ಶಕ್ತಿ ಇಲ್ಲ.

ಮನುಷ್ಯರಿಗೆ ಹೇಳುವ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಮಾತಾಡಬೇಕು. ಮಗಳ ಪರಿಚಯ ಪತ್ರದಲ್ಲಿ ದಯವಿಟ್ಟು ಈ ಪದ ಹಾಕಬೇಡಿ. ಹಿಂದೆ ಇದನ್ನು ಯಾರಿಗೆ ಬೇಕಾದರೂ ಪ್ರೀತಿಯಿಂದ ಹೇಳುತ್ತಿದ್ದರು. ಷೇಕ್ಸ್‌ಪಿಯರನ ‘ದಿ ಟೆಂಪೆಸ್ಟ್’ನಲ್ಲಿ ಪ್ರಾಸ್ಪರೋ ತನ್ನ ಗಾಳಿಜೀವಿ ಏರಿಯಲ್‌ನನ್ನು ಬೀಳ್ಕೊಡುವ ಹೊತ್ತಿಗೆ ‘ನನ್ನ ಡೇಂಟಿ ಏರಿಯಲ್’ ಎಂದು ಕರೆಯುತ್ತಾನೆ. ಇಂದು ಗಂಡಸಿಗೆ ಹೇಳಿದರೆ ಹೀಯಾಳಿಕೆ. ಹೆಣ್ಣುಮಗುವಿಗೆ, ಅದರ ಪುಟ್ಟ ಕೈಕಾಲಿಗೆ ಹೇಳಿದರೆ ಮುದ್ದು. ವಯಸ್ಸಿಗೆ ಬಂದ, ಓದಿದ, ಕೆಲಸ ಬಲ್ಲ ಹೆಣ್ಣಿಗೆ ಹೇಳಿದರೆ ಹೊಗಳಿಕೆಯ ವೇಷದಲ್ಲಿ ಅವಳನ್ನು ಚಿಕ್ಕವಳನ್ನಾಗಿ ಮಾಡುತ್ತದೆ, ಕಪಾಟಿನಲ್ಲಿಡುವ ವಸ್ತುವಿನ ಸಾಲಿಗೆ ಸೇರಿಸುತ್ತದೆ. ಮಾಲೀಕರು ನೌಕರಿಯ ಶಿಫಾರಸು ಪತ್ರದಲ್ಲಿ ಹೀಗೆ ಬರೆದರೆ ಆ ಹೆಣ್ಣುಮಗಳಿಗೆ ಅದು ಹಾನಿಯೇ.

‘ಹ್ಯಾಮ್ಲೆಟ್’ ನಾಟಕದ ಒಂದು ಮಾತು ಇಲ್ಲಿ ಬೆಳಕು ಚೆಲ್ಲುತ್ತದೆ. ಗೋರಿ ತೋಡುವವನು ಹಾಡುತ್ತಾ ತೋಡುತ್ತಿರುತ್ತಾನೆ. ಇವನಿಗೆ ತನ್ನ ಕೆಲಸದ ಅರಿವೇ ಇಲ್ಲವೇ ಎಂದು ಹ್ಯಾಮ್ಲೆಟ್ ಕೇಳುತ್ತಾನೆ. ರೂಢಿಯಾಗಿ ಅವನಿಗೆ ಅದು ಹಗುರವಾಗಿದೆ ಎಂದು ಗೆಳೆಯ ಹೇಳಿದಾಗ ರಾಜಕುಮಾರ ಒಪ್ಪಿ, ಹೆಚ್ಚು ದುಡಿಯದ ಕೈಗೇ ಸ್ಪರ್ಶ ಹೆಚ್ಚು ಡೇಂಟಿ ಎನ್ನುತ್ತಾನೆ. ಪದದ ಇತಿಹಾಸದಲ್ಲಿ ಈ ಎಳೆಯೂ ಇದೆ: ಡೇಂಟಿ ಕೈ ಎಂದರೆ ದುಡಿಯದ ಕೈ. ಕೊಡಗಿನ ಹೆಣ್ಣುಮಕ್ಕಳ ಕೈಗಳನ್ನು ನೋಡಿದವರು ಅವನ್ನು ಹೀಗೆ ಹೊಗಳಲಾರರು. ಡಿಸೆಂಬರಿನಿಂದ ಕಾಫಿ ಕುಯ್ಲು, ಕಣದಲ್ಲಿ ಒಣಗಿಸುವುದು, ಮೆಣಸು ಬಿಡಿಸುವುದು, ಮಳೆಗಾಲದಲ್ಲಿ ಗದ್ದೆಯ ನಾಟಿ, ಇದರ ನಡುವೆ ಮನೆಗೆ ಬಂದವರಿಗೆ ಬಡಿಸುವುದು. ಆ ಕೈಯಿಂದಲೇ ಹೊರಬಂದ ಕಸೂತಿ ನವಿರಾಗಿದೆ ಎಂಬುದು ನಿಮ್ಮ ಮಗಳ ಹೆಗ್ಗಳಿಕೆ. ಆದ್ದರಿಂದ ಪದವನ್ನು ಅವಳ ಕಸೂತಿಗೆ ಕೊಡಿ, ಅವಳಿಗೆ ಕೊಡಬೇಡಿ. ಪರಿಚಯ ಪತ್ರದಲ್ಲಿ ‘ಕಸೂತಿ ಚೆನ್ನಾಗಿ ಬಲ್ಲಳು, ಹೋಮ್‌ಸ್ಟೇ ನಡೆಸುವುದರಲ್ಲಿ ಪಳಗಿದ್ದಾಳೆ’ ಎಂದು ನೇರವಾಗಿ ಬರೆದರೆ ಯಾವ ಗುಣವಾಚಕವೂ ಬೇಕಾಗುವುದಿಲ್ಲ.

ಅದರ ಬದಲಿಗೆ ‘ಡೆಲಿಕೇಟ್’ ಎಂದು ಬರೆಯಬಹುದಲ್ಲ ಎಂದು ಯಾರಾದರೂ ಸಲಹೆ ಕೊಟ್ಟಾರು. ಅದು ಇನ್ನೂ ತಪ್ಪು. ಆ ಪದಕ್ಕೂ ಚೆಲುವಿನ ಅರ್ಥ ಇದೆ, ಆದರೆ ಮನುಷ್ಯರ ಮುಂದೆ ಬಂದಾಗ, ಅದರಲ್ಲೂ ಮಕ್ಕಳು ಮತ್ತು ಹೆಣ್ಣುಮಕ್ಕಳ ಬಗ್ಗೆ, ‘ಆಗಾಗ ಕಾಯಿಲೆ ಬೀಳುವ, ಆರೋಗ್ಯ ಗಟ್ಟಿಯಿಲ್ಲದ’ ಎಂದು ಕೇಳಿಸುತ್ತದೆ. ತಿಂಡಿಯ ವಿಷಯದಲ್ಲಿ ಅದು ಒಳ್ಳೆಯ ಪದ. ನೂಪುಟ್ಟಿನ ಮೃದುತ್ವಕ್ಕೂ ಜೇನಿನ ತೆಳುಗಂಪಿಗೂ ಡೇಂಟಿಗಿಂತ ಡೆಲಿಕೇಟ್ ಹೆಚ್ಚು ಹೊಂದುತ್ತದೆ, ಏಕೆಂದರೆ ಡೇಂಟಿ ತಿನಿಸಿನ ರೂಪವನ್ನು ಹೇಳುತ್ತದೆ, ಡೆಲಿಕೇಟ್ ರುಚಿಯನ್ನು. ‘ಪೆಟಿಟ್’ ಫ್ರೆಂಚಿನಿಂದ ಬಂದದ್ದು, ಕುಳ್ಳಗೆ ತೆಳ್ಳಗಿರುವ ಹೆಣ್ಣಿನ ಮೈಕಟ್ಟಿಗೆ ಮಾತ್ರ. ಬಟ್ಟೆ ಅಂಗಡಿಗಳಲ್ಲಿ ಅದೊಂದು ಅಳತೆಯ ಹೆಸರೂ ಹೌದು. ‘ಕ್ಯೂಟ್’ ಹಗುರ ಮಾತು. ಚುರುಕು ಎಂಬ ಅರ್ಥದ ‘ಅಕ್ಯೂಟ್’ನ ತಲೆ ಕತ್ತರಿಸಿ 18ನೆಯ ಶತಮಾನದಲ್ಲಿ ಹುಟ್ಟಿದ್ದು. ‘ಪ್ರಿಟಿ’ಯಂತೂ ಹಳೆಯ ಇಂಗ್ಲಿಷಿನಲ್ಲಿ ‘ಕಪಟಿ’ ಎಂಬಲ್ಲಿಂದ ಹೊರಟು ‘ಚೆಲುವೆ’ ಎಂಬಲ್ಲಿಗೆ ಬಂದು ತಲಪಿದ ಪದ. ಇನ್ನು ಚಲನೆಯ ಚೆಲುವಿಗೆ ‘ಗ್ರೇಸ್‌ಫುಲ್’ ಇದೆ. ತಾಳ ಹಿಡಿದು ಸುತ್ತುಗಟ್ಟಿ ಉಮ್ಮತ್ತಾಟ್ ಕುಣಿಯುವ ಹೆಂಗಸರಿಗೆ ಅದನ್ನೇ ಬಳಸಬೇಕು. ಅಲ್ಲಿ ಬಾಗುವಿಕೆಗೂ ಲಯಕ್ಕೂ ಬಲವಿದೆ. ಡೇಂಟಿಯ ಕ್ರಿಯಾವಿಶೇಷಣ ‘ಡೇಂಟಿಲಿ’ ಬೇರೆ ಬಗೆಯ ಚಲನೆಗೆ. ಜಡಿಮಳೆಯಲ್ಲಿ ನೆನೆದ ಅಂಗಳವನ್ನು ಬೆಕ್ಕು ಒಂದೊಂದೇ ಪಾದ ಎತ್ತಿ, ಕೊಡವಿ, ಆರಿಸಿ ಇಡುತ್ತಾ ದಾಟುತ್ತದಲ್ಲ, ಆ ನಡಿಗೆ ಡೇಂಟಿಲಿ. ಅದರಲ್ಲಿ ನವಿರೂ ಇದೆ, ಆರಿಸುವ ಸ್ವಭಾವವೂ ಇದೆ.

ಕನ್ನಡಕ್ಕೆ ತರುವಾಗ ಒಂದೇ ಪದಕ್ಕೆ ಅಂಟಿಕೊಳ್ಳಬೇಡಿ. ಪಾರಸಿಯಿಂದ ಬಂದು ನಮ್ಮದೇ ಆದ ‘ನಾಜೂಕು’ ಸಾಮಾನ್ಯವಾಗಿ ಎಲ್ಲರ ಬಾಯಿಗೆ ಬರುತ್ತದೆ, ಆದರೆ ಅದರಲ್ಲಿ ‘ಬೇಗ ಮುರಿಯುವ’ ಎಂಬ ಧ್ವನಿಯೂ, ‘ಜಾಣತನದಿಂದ ನಿಭಾಯಿಸಿದ’ ಎಂಬ ಧ್ವನಿಯೂ ಇವೆ. ಕಸೂತಿಗೆ ‘ಕುಸುರಿ’ ಅಥವಾ ‘ನವಿರು’ ಒಪ್ಪುತ್ತದೆ. ಬಡಿಸಿದ ತಿಂಡಿಗೆ ‘ಒಪ್ಪ’, ‘ಚೊಕ್ಕ’ ಎಂಬ ಪದಗಳು ನನಗೆ ಬಲು ಇಷ್ಟ; ಒಪ್ಪವಾಗಿ ಬಡಿಸಿದ್ದಾರೆ ಎಂದರೆ ನಿಮ್ಮ ಅತಿಥಿಗಳ ಮನಸ್ಸಿನಲ್ಲಿದ್ದದ್ದು ಬಹುಮಟ್ಟಿಗೆ ಬಂದುಬಿಡುತ್ತದೆ. ಹೂವಿಗೆ ‘ಸುಕುಮಾರ’, ‘ಕೋಮಲ’. ಮಗುವಿನ ಬೆರಳಿಗೆ ‘ಎಳೆಯ’, ‘ಪುಟ್ಟ’. ಹೆಜ್ಜೆಗೆ ‘ಹಗುರ’. ಕೊಸರಾಡಿ ತಿನ್ನುವವರಿಗೆ ‘ಆರಿಸಿ ತಿನ್ನುವವರು’ ಎಂದರೆ ಸಾಕು.

ಬರೆಯುವಾಗ ಗಮನದಲ್ಲಿರಬೇಕಾದ ಕೆಲವು ಸಣ್ಣ ಸಂಗತಿಗಳು. ಹೆಚ್ಚು ಡೇಂಟಿ ಎನ್ನಲು ‘ಡೇಂಟಿಯರ್’, ಎಲ್ಲಕ್ಕಿಂತ ಡೇಂಟಿ ಎನ್ನಲು ‘ಡೇಂಟಿಯೆಸ್ಟ್’. ಎರಡರಲ್ಲೂ ಕೊನೆಯ ವೈ ಅಕ್ಷರ ಹೋಗಿ ಐ ಬರುತ್ತದೆ. ತಿನಿಸುಗಳು ಎಂಬ ಬಹುವಚನದಲ್ಲೂ ಹಾಗೆಯೇ. ಉಚ್ಚಾರದಲ್ಲಿ ಮೊದಲ ಅಕ್ಷರಕ್ಕೆ ಒತ್ತು. ಅಮೆರಿಕದ ಅತಿಥಿಗಳ ಬಾಯಲ್ಲಿ ಟಕಾರ ಕರಗಿ ‘ಡೇನಿ’ ಎಂದಂತೆ ಕೇಳಿಸಿದರೆ ಅದು ಬೇರೆ ಪದವೆಂದು ತಿಳಿಯಬೇಡಿ. ಪದದ ನಂತರ ‘ಲಿಟಲ್’ ಸೇರಿಸುವ ಅಭ್ಯಾಸ ಇಂಗ್ಲಿಷ್ ಭಾಷಿಕರಲ್ಲಿದೆ. ಅದು ಅಕ್ಕರೆಗಾಗಿ, ಗಾತ್ರವನ್ನು ಮತ್ತೆ ಹೇಳುವುದಕ್ಕಾಗಿ ಅಲ್ಲ. ಮತ್ತು ಒಂದು ಪುಟದ ಬರಹದಲ್ಲಿ ಈ ಪದ ಒಮ್ಮೆ ಬಂದರೆ ಸಾಕು. ನಿಮ್ಮ ಪುಟದಲ್ಲಿ ಅದನ್ನು ಎಲ್ಲಿ ಇಡಬೇಕೆಂದು ನನ್ನನ್ನು ಕೇಳಿದರೆ, ಮೇಜಿನ ಹೊದಿಕೆಯ ಮುಂದೆ ಇಡಿ; ಹೊಲಿದವಳು ಮನೆಯ ಮಗಳೇ ಎಂಬುದನ್ನೂ ಅದೇ ಸಾಲಿನಲ್ಲಿ ತಿಳಿಸಿ.